ಹೊರಗಿನ ಬೆಂಚಿನಲ್ಲಿ ಕೂತಿದ್ದ ಏಳು ಜನ

ಮನೆಯಿಂದ,
ಮಾರ್ಚ್ ೪

ಪ್ರೀತಿಯ ತಮ್ಮಾ,

ಆರು ವಾರದಿಂದ ಅಕ್ಕನ ಕಾಗದ ಬಂದಿಲ್ಲ ಎಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ತಪ್ಪಿಲ್ಲ. ಬರೆಯಲು ಕೂತಾಗಲೆಲ್ಲ ಹೇಳಿಕೊಳ್ಳುವಂಥ ಸುದ್ದಿ ಒಂದೂ ಇರಲಿಲ್ಲ. ಬರೀ ನಿಟ್ಟುಸಿರು ತುಂಬಿ ಲಕೋಟೆ ಅಂಟಿಸುವುದು ಯಾಕೆಂದು ಸುಮ್ಮನಾದೆ. ನಿನ್ನ ಸೊಂಟದ ನೋವು ಹೇಗಿದೆ? ಹೋದ ಸಲ ಭೇಟಿಗೆ ಬಂದಾಗ ಜಾಲರಿಯ ಆಚೆ ನೀನು ಗೋಡೆ ಹಿಡಿದು ಎದ್ದದ್ದನ್ನು ನೋಡಿದೆ. ನಾನು ನೋಡಲಿಲ್ಲ ಎಂದು ನೀನು ತಿಳಿದಿದ್ದೀಯ. ಇಲ್ಲಿ ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿನ್ನ ಭಾವ ಬಸ್ ಡಿಪೋದಲ್ಲಿ ಎರಡೆರಡು ಪಾಳಿ ಮಾಡುತ್ತಾರೆ, ನಾನು ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ ಎಂದಿನಂತೆ ಬೀರು ತೆಗೆದು ಬೀರು ಹಾಕುತ್ತೇನೆ.

ಇವತ್ತು ಹೇಳಲು ಒಂದು ಸುದ್ದಿ ಇದೆ. ನಿನ್ನ ಮೇಲ್ಮನವಿಗೆ ವಕೀಲರು ಸಿಕ್ಕಿದ್ದಾರೆ. ಹೆಂಗಸು, ನಲವತ್ತರ ಒಳಗಿನವರು, ನಗು ಕಡಿಮೆ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ಕೆಳಗೆ ಗಾಳಿ ಹಾಕುವ ಯಂತ್ರ ಶುರುವಾದರೆ ಮೇಜಿನ ಮೇಲಿನ ಟೀ ಲೋಟ ಗಡಗಡ ಅನ್ನುತ್ತದೆ. ಅವರು ಅರ್ಧ ಮಾತಿಗೆ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ. "ನನಗೇನೂ ಗೊತ್ತಿಲ್ಲ ಅಂದ್ಕೊಂಡು ಮೊದಲಿಂದ ಹೇಳಿ," ಎಂದರು.

ಹೇಳಿದೆ. ಮೂಲೆಯ ಎರಡಂತಸ್ತಿನ ಮನೆಗೆ ನೀನು ಹೊಸ ಬೀಗ ಹಾಕಿದ್ದು. ಒಂಬತ್ತು ದಿನದ ಮೇಲೆ ಆ ಮನೆಯವರು ಪರವೂರಿಗೆ ಹೋಗಿದ್ದಾಗ ಬೆಳ್ಳಿ ಸಾಮಾನು, ಕ್ಯಾಮೆರಾ ಕಳುವಾಗಿದ್ದು. ಬೀಗ ಮುರಿಯದೆ, ಕೀಲಿಯಿಂದಲೇ ಬಾಗಿಲು ತೆಗೆದಿದ್ದು. ಎದುರು ಮನೆಯ ನಿವೃತ್ತ ಗುಮಾಸ್ತರು, ಸಂಜೆಗತ್ತಲಲ್ಲಿ ಚೀಲ ಹಿಡಿದು ಹೊರಗೆ ಬಂದವನು ಬೀಗದವನೇ, ಬಾಲ್ಕನಿಯಿಂದ ನಾನೇ ಕಂಡೆ ಎಂದಿದ್ದು. ನೀನು, ಆ ಹೊತ್ತಿಗೆ ಅಂಗಡಿಯಲ್ಲಿ ಒಬ್ಬನೇ ಕೂತು ಕೀಲಿಗೆ ಅರ ಹಾಕುತ್ತಿದ್ದೆ ಎಂದಿದ್ದು. ಕಳುವಾದ ಒಂದು ಚಮಚವೂ ನಿನ್ನ ಹತ್ತಿರ ಸಿಗಲಿಲ್ಲ. ಅವರ ಮಾತು ಒಂದು ಕಡೆ, ನಿನ್ನ ಮಾತು ಒಂದು ಕಡೆ. ಕೋರ್ಟು ಅವರನ್ನು ನಂಬಿತು. ಐದು ವರ್ಷ.

ವಕೀಲೆ ಕೆಳಗಿನ ಕೋರ್ಟಿನ ಕಡತವನ್ನು ಒಂದು ವಾರ ಇಟ್ಟುಕೊಂಡು ಓದಿ ನನ್ನನ್ನು ಮತ್ತೆ ಕರೆಸಿದರು. "ನೂರ ನಲವತ್ತು ಪುಟ ಇದೆ. ಬೀಗದ ಬಗ್ಗೆ ಇದೆ, ಬಾಲ್ಕನಿ ಬಗ್ಗೆ ಇದೆ, ಬೆಳಕಿನ ಬಗ್ಗೆ ಇದೆ. ನಿಮ್ಮ ತಮ್ಮ ಎಂಥವನು ಅಂತ ಒಂದೇ ಒಂದು ಸಾಲಿಲ್ಲ. ಇಪ್ಪತ್ತೈದು ವರ್ಷ ಊರ ಬಾಗಿಲು ತೆಗೆದವನು ಅವನು. ಒಂದು ದೂರಿಲ್ಲ. ಇದನ್ನ ಯಾಕೆ ಯಾರೂ ಹೇಳಲಿಲ್ಲ?" ಎಂದರು. ಆಮೇಲೆ ನಿಧಾನವಾಗಿ ವಿವರಿಸಿದರು. ಯಾರ ಮಾತನ್ನು ನಂಬಬೇಕು ಅನ್ನುವುದರ ಮೇಲೇ ಕೇಸು ನಿಂತಿರುವಾಗ, ಆರೋಪಿ ನಂಬಿಕಸ್ಥ ಎಂದು ಹೇಳುವ ಸಾಕ್ಷಿಗಳೇ ಅವನ ದೊಡ್ಡ ಆಸರೆಯಂತೆ. ಆ ಸಾಕ್ಷಿಗಳನ್ನು ಕರೆಸದೆ ಬಿಟ್ಟದ್ದು ವಕೀಲರ ಲೋಪ ಎಂದು ತೋರಿಸಿದರೆ ಮೇಲಿನ ಕೋರ್ಟು ತೀರ್ಪನ್ನೇ ತೆಗೆದುಹಾಕಬಹುದಂತೆ. "ನಾವು ಹೋಗೋದು ಇದೊಂದನ್ನೇ ಹಿಡ್ಕೊಂಡು," ಎಂದರು.

ನಿನ್ನ ಕಾಗದದಲ್ಲಿ ಒಂದು ಮಾತು ಕೇಳಿದ್ದೆ. "ಅವತ್ತು ನನ್ನ ಪರವಾಗಿ ಒಬ್ಬರೂ ಯಾಕೆ ಬರಲಿಲ್ಲ ಅಕ್ಕಾ? ನಾನು ಅಷ್ಟೇನಾ?" ಎಂದು. ಬಂದಿದ್ದರು ಕಣೋ. ಏಳು ಜನ ಬಂದಿದ್ದರು. ನಿವೃತ್ತ ಟೀಚರಮ್ಮ ಎಲ್ಲರನ್ನೂ ಒಟ್ಟುಗೂಡಿಸಿಕೊಂಡು ಬಂದಿದ್ದರು. ಬೆಳಿಗ್ಗೆ ಹತ್ತರಿಂದ ಕೋರ್ಟಿನ ಹೊರಗೆ, ಕಾಲು ಅಲುಗಾಡುವ ಆ ಮರದ ಬೆಂಚಿನಲ್ಲಿ ಕೂತಿದ್ದರು. ನಾಲ್ಕು ಗಂಟೆಗೆ ನಿನ್ನ ಆಗಿನ ವಕೀಲರು ಹೊರಗೆ ಬಂದು, "ನೀವೆಲ್ಲ ಬೇಕಾಗಿಲ್ಲ, ಹೋಗಿ," ಎಂದು ಕಳಿಸಿಬಿಟ್ಟರು. ನೀನು ಒಳಗಿನ ಕಟಕಟೆಯಲ್ಲಿದ್ದೆ, ನಿನಗೆ ಕಾಣಲಿಲ್ಲ.

ನೀನು ಅಷ್ಟೇ ಅಲ್ಲ ತಮ್ಮಾ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನನ್ನು ಎತ್ತಿ ಆಡಿಸಿದ ಕೈಯಿಂದಲೇ ಬರೆದ ಹಾರೈಕೆ ಇದು, ಚೆನ್ನಾಗಿರು.
ನಿನ್ನ ಅಕ್ಕ


ಮನೆಯಿಂದ,
ಜೂನ್ ೧೯

ತಮ್ಮಾ,

ಈ ಸಲವೂ ತಡವಾಯಿತು, ಬೈಯಬೇಡ. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಆಸ್ಪತ್ರೆ ಮುಗಿಸಿ ಮನೆಮನೆ ತಿರುಗುತ್ತಿದ್ದೇನೆ. ಬೆಂಚಿನಲ್ಲಿ ಕೂತಿದ್ದ ಏಳೂ ಜನರಿಂದ ಪ್ರಮಾಣಪತ್ರ ಬೇಕು ಎಂದರು ವಕೀಲೆ. "ಒಳ್ಳೆಯವನು, ಮೃದು ಸ್ವಭಾವ, ಇದೆಲ್ಲ ಬೇಡ. ಕಂಡಿದ್ದು ಏನು, ಯಾವಾಗ, ಎಲ್ಲಿ. ಅಷ್ಟು ಬರೆಸಿ," ಎಂದು ಕಟ್ಟಪ್ಪಣೆ.

ಮೊದಲು ಟೀಚರಮ್ಮನ ಮನೆಗೆ ಹೋದೆ. ಅವರು ಕೆಂಪು ಶಾಯಿ ಹಿಡಿದು ತಮ್ಮ ಪ್ರಮಾಣಪತ್ರವನ್ನು ತಾವೇ ತಿದ್ದಿದರು. ಅವರ ಮನೆಯ ಎರಡನೇ ಕೀಲಿ ಹನ್ನೊಂದು ವರ್ಷ ನಿನ್ನ ಅಂಗಡಿಯ ಮೊಳೆಯಲ್ಲಿತ್ತಂತೆ. ಒಬ್ಬರೇ ಇರುವವರು, ಬಿದ್ದುಗಿದ್ದರೆ ನೀನು ಬಂದು ತೆಗೆಯಲಿ ಎಂದು. "ಯಾವ ಕೀಲಿ ಮೇಲೂ ಅವನು ಹೆಸರು ಬರೀತಿರಲಿಲ್ಲ. ನಂಬರ್ ಮಾತ್ರ. ಆ ನಂಬರು ಯಾರದ್ದು ಅಂತ ಅವನ ತಲೇಲಿ ಬಿಟ್ಟು ಎಲ್ಲೂ ಇಲ್ಲ. ಯಾಕಪ್ಪಾ ಅಂತ ಕೇಳಿದೆ. ಅಂಗಡೀಲೇ ಕಳ್ಳತನ ಆದ್ರೆ ನಿಮ್ಮನೆ ಯಾವುದು ಅಂತ ಕಳ್ಳನಿಗೆ ಗೊತ್ತಾಗಬಾರದು ಟೀಚರ್, ಅಂದ," ಎಂದರು. ವಕೀಲೆ ಇದನ್ನು ಓದಿ ಪೆನ್ಸಿಲ್‌ನಿಂದ ಎರಡು ಗೆರೆ ಎಳೆದರು. ಅವರು ಎರಡು ಗೆರೆ ಎಳೆದರೆ ಬೇರೆಯವರು ಚಪ್ಪಾಳೆ ತಟ್ಟಿದ ಹಾಗೆ.

ಬೇಕರಿಯವರು ನಗಿಸಿಬಿಟ್ಟರು. "ಅವನ ಪ್ರಾಮಾಣಿಕತೆ ಬಗ್ಗೆ ನನ್ನನ್ನ ಕೇಳ್ತೀರಾ? ಹೊಸ ಬೀಗ ತಂದು ಹೆಮ್ಮೆಯಿಂದ ತೋರಿಸಿದೆ. ಇದನ್ನ ನಿಮ್ಮ ಬೆಕ್ಕೂ ತೆಗೆಯುತ್ತೆ ಅಂದ. ಹಾಗಂದ್ಬಿಟ್ಟು ಬೇರೆ ಬೀಗ ತಗೊಳ್ಳಿ ಅಂತ ತನ್ನದನ್ನೂ ಮಾರಲಿಲ್ಲ, ಎದುರು ಅಂಗಡಿಗೆ ಕಳಿಸಿದ. ಇಂಥವನು ವ್ಯಾಪಾರ ಹೇಗೆ ಮಾಡ್ತಾನೆ ಅಂತ ನನಗೆ ಅವತ್ತೇ ಚಿಂತೆ ಆಗಿತ್ತು," ಎಂದರು. ಅದನ್ನು ಹಾಗೇ ಬರೆಸಿದೆ, ಬೆಕ್ಕಿನ ಸಮೇತ.

ಕಷ್ಟವಾದದ್ದು ನಿವೃತ್ತ ಹೆಡ್ ಕಾನ್ಸ್‌ಟೇಬಲ್ ಹತ್ತಿರ. ಅವತ್ತು ಬೆಂಚಿನ ತುದಿಯಲ್ಲಿ ಕೂತಿದ್ದವರು ಅವರು. ಎರಡು ಸಲ ಹೋದೆ, ಎರಡು ಸಲವೂ ಮನೆಯಲ್ಲಿಲ್ಲ ಎಂದು ಒಳಗಿನಿಂದ ಅವರ ದನಿಯಲ್ಲೇ ಉತ್ತರ ಬಂತು. ಮೂರನೇ ಸಲ ಬಾಗಿಲು ತೆಗೆದರು. "ಅವತ್ತು ಬಾಯಲ್ಲಿ ಹೇಳೋದು ಬೇರೆ ಇತ್ತಮ್ಮ, ಈಗ ಕಾಗದದ ಮೇಲೆ ಅಂತೀರ. ತೀರ್ಪಾದ ಮೇಲೆ ಪೊಲೀಸಿನವನು ಅಪರಾಧಿ ಪರ ಸಹಿ ಹಾಕಿದ್ರೆ ನನ್ನ ಹಳೇ ಸ್ನೇಹಿತರು ನನ್ನ ಜೊತೆ ಕೂತು ಟೀ ಕುಡೀತಾರಾ?" ಎಂದರು. ನಾನು ಮೆಟ್ಟಿಲ ಮೇಲೆ ಕೂತೆ. ಏಳಲಿಲ್ಲ. ಅರ್ಧ ಗಂಟೆಯ ಮೇಲೆ ಅವರೇ ಒಂದು ಕುರ್ಚಿ ತಂದು ಪಕ್ಕದಲ್ಲಿ ಹಾಕಿಕೊಂಡರು.

ಒಬ್ಬರು ಮುದುಕರು ಒಳಗೆ ಚಿಲಕ ಹಾಕಿಕೊಂಡು ತೀರಿಹೋಗಿದ್ದರಂತಲ್ಲ, ಬಾಗಿಲು ತೆಗೆಯಲು ನಿನ್ನನ್ನು ಕರೆದೊಯ್ದಿದ್ದರಂತೆ. ಬಾಗಿಲ ಪಕ್ಕದ ಮೇಜಿನ ಮೇಲೆ ಒಡವೆ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತಂತೆ. "ನಾನು ಹೆಣ ನೋಡೋದು ಬಿಟ್ಟು ಇವನನ್ನೇ ನೋಡ್ತಿದ್ದೆ. ಪೊಲೀಸ್ ಬುದ್ಧಿ, ಏನ್ಮಾಡೋದು. ಅವನು ಪೆಟ್ಟಿಗೆ ಕಂಡ. ಕಂಡು, ಅದಕ್ಕೆ ಬೆನ್ನು ಹಾಕಿ ಗೋಡೆ ಕಡೆ ಮುಖ ಮಾಡಿ ನಿಂತ. ನಾನು ಅದನ್ನ ಮುಚ್ಚಿ ಮೊಹರು ಹಾಕೋವರೆಗೂ ತಿರುಗಲಿಲ್ಲ," ಎಂದು ಹೇಳಿ ಕೈ ಚಾಚಿದರು. "ಕೊಡಿ ಆ ಕಾಗದ. ಟೀ ಮನೇಲೇ ಕುಡೀತೀನಿ," ಎಂದು ಸಹಿ ಹಾಕಿದರು. ನೀನು ಇದನ್ನು ನಮಗೆ ಯಾವತ್ತೂ ಹೇಳಿರಲಿಲ್ಲ.

ಏಳೂ ಆಯಿತು. ಆದರೆ ವಕೀಲೆ ನನ್ನ ಸಂತೋಷಕ್ಕೆ ಕಡಿವಾಣ ಹಾಕಿದರು. ನಿನ್ನ ಹಳೆಯ ವಕೀಲರಿಗೆ ಕೋರ್ಟಿನಿಂದ ನೋಟೀಸು ಹೋಗಿದೆ. ಈ ಏಳು ಜನರನ್ನು ಯಾಕೆ ಕರೆಸಲಿಲ್ಲ ಎಂದು ಅವರು ಬರೆದು ಕೊಡಬೇಕು. ಮರೆತೆ, ಕೆಲಸದ ಒತ್ತಡ ಎಂದರೆ ಅದು ಲೋಪ, ನಮಗೆ ಅನುಕೂಲ. ಯೋಚಿಸಿಯೇ ಬಿಟ್ಟೆ, ಅದಕ್ಕೊಂದು ಕಾರಣವಿತ್ತು ಎಂದರೆ ಅದು ವಕೀಲರ ತೀರ್ಮಾನವಾಗುತ್ತದೆ. ವಕೀಲರ ತೀರ್ಮಾನದಲ್ಲಿ ಮೇಲಿನ ಕೋರ್ಟು ಸಾಮಾನ್ಯವಾಗಿ ಕೈ ಹಾಕುವುದಿಲ್ಲವಂತೆ.

"ಅವರೇನು ಹೇಳಬಹುದು?" ಎಂದು ಕೇಳಿದರು. ನನಗೇನು ಗೊತ್ತು ಎಂದೆ. ಕೆಟ್ಟ ಮನುಷ್ಯರಲ್ಲ ಅವರು. ನಿನಗೂ ಗೊತ್ತಲ್ಲ, ಕಡತಗಳನ್ನೆಲ್ಲ ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ಒಂದೇ ದಿನ ಮೂರು ಕೋರ್ಟಿಗೆ ಓಡುವವರು. ಓಡುತ್ತಲೇ ಮುಪ್ಪಾದವರು.

ಉತ್ತರ ಬರಲಿ, ನೋಡೋಣ. ನನಗೆ ಊಟ ಸೇರುತ್ತಿಲ್ಲ ಎಂದು ಭಾವ ನಿನಗೆ ಬರೆದಿದ್ದರೆ ನಂಬಬೇಡ, ತಿನ್ನುತ್ತಿದ್ದೇನೆ.

ನಿನ್ನ ಒಳ್ಳೆಯದನ್ನೇ ಬಯಸುವ,
ಅಕ್ಕ


ಅಕ್ಟೋಬರ್ ೮

ತಮ್ಮಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಅಲ್ಲಿ ಒಡೆದು ಓದಿ ಕೊಡುತ್ತಾರೆ. ವಕೀಲೆಯ ಕೈಯಲ್ಲಿ ಕೊಡುತ್ತೇನೆ, ಅವರ ಮುಂದೆಯೇ ಓದು. ಜೂನ್‌ನಿಂದ ಎರಡು ಸಾಲು ಕೂಡ ಬರೆಯಲಿಲ್ಲ, ಭೇಟಿಗೂ ಭಾವನೊಬ್ಬರನ್ನೇ ಕಳಿಸಿದೆ. ಯಾಕೆಂದು ಈಗ ಹೇಳುತ್ತೇನೆ.

ಉತ್ತರ ಬಂತು. ನಾವು ಹೆದರಿದ ಹಾಗೇ ಬಂತು. ಹಳೆಯ ವಕೀಲರು ಬರೆದಿದ್ದಾರೆ: "ನನ್ನ ಕಕ್ಷಿಗಾರ ಚಿಕ್ಕ ವಯಸ್ಸಿನಲ್ಲಿ ಒಂದು ಚಿನ್ನದ ಸರ ಕದ್ದ ಸಂಗತಿ ನಂಬತಕ್ಕವರಿಂದ ನನಗೆ ತಿಳಿದಿತ್ತು. ಒಳ್ಳೆಯ ನಡತೆಯ ಸಾಕ್ಷಿ ಕರೆಸಿದರೆ ಎದುರು ಪಕ್ಷಕ್ಕೆ ಕೆಟ್ಟ ನಡತೆ ಕೆದಕುವ ದಾರಿ ತೆರೆಯುತ್ತದೆ. ಆದ್ದರಿಂದ ಕರೆಸಲಿಲ್ಲ."

ವಕೀಲೆ ಆ ಹಾಳೆಯನ್ನು ನನ್ನ ಮುಂದೆ ಸರಿಸಿದರು. "ಇದು ನಿಜಾನಾ?" ಕೆಳಗೆ ಗಾಳಿ ಯಂತ್ರ ಶುರುವಾಯಿತು. ಅದು ನಿಲ್ಲದೇ ಇರಲಿ ಅನ್ನಿಸಿತು. ನಿಂತಿತು. "ನಿಜ ಅಲ್ಲ," ಎಂದೆ. "ಹಾಗಾದ್ರೆ ಸುಳ್ಳಾ?" "ಸರ ಕಳುವಾಗಿದ್ದು ನಿಜ. ಕದ್ದಿದ್ದು ನಾನು."

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟು ಹೇಳಿದೆ ತಮ್ಮಾ. ನಿನಗೊಬ್ಬನಿಗೆ ಗೊತ್ತಿದ್ದದ್ದು. ಕನ್ನಡಕದ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕ ಹೊಸತು, ನನಗೆ ಇಪ್ಪತ್ತು, ನಿನಗೆ ಹದಿನೇಳು ಎಂದು ಎಲ್ಲ ಹೇಳಿದೆ. ಯಾರೋ ಹೆಂಗಸು ಕನ್ನಡಕಕ್ಕೆ ಹಾಕುವ ಚಿನ್ನದ ಸರವನ್ನು ರಿಪೇರಿಗೆ ಕೊಟ್ಟು ಹೋಗಿದ್ದರು. ಹಸಿವಿಗೆ ಕದ್ದೆ, ಅಮ್ಮನ ಔಷಧಕ್ಕೆ ಕದ್ದೆ ಎಂದು ಹೇಳಲು ಬಾಯಿ ತುರಿಸಿತು. ಹಾಗಲ್ಲ. ಚೆನ್ನಾಗಿತ್ತು, ಅದಕ್ಕೇ ತೆಗೆದೆ. ಏಳು ದಿನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಯಜಮಾನರು ಮನೆಗೇ ಬಂದು ಕೇಳಿದಾಗ ನನ್ನ ನಾಲಿಗೆ ಮೇಲೇಳಲಿಲ್ಲ. ನೀನು ಒಳಗಿನಿಂದ ಅದನ್ನು ತಂದು ಅವರ ಕೈಗಿಟ್ಟೆ. "ಅಂಗಡಿಗೆ ಊಟದ ಡಬ್ಬಿ ಕೊಡೋಕೆ ಬಂದಾಗ ನಾನು ತಗೊಂಡೆ, ಅಕ್ಕನಿಗೆ ಗೊತ್ತಿಲ್ಲ," ಎಂದೆ. ಅವರು ಪೊಲೀಸಿಗೆ ಹೋಗಲಿಲ್ಲ. ಅಂಗಡಿಯ ಮೆಟ್ಟಿಲು ಹತ್ತಬೇಡ ಎಂದು ನಿನಗೆ ಹೇಳಿದರು, ಅಷ್ಟೇ. ನಾನು ಮರುದಿನ ಕೆಲಸಕ್ಕೆ ಹೋದೆ. ಆ ಕೆಲಸದ ಹೆಸರು ಹೇಳಿಕೊಂಡೇ ಆಸ್ಪತ್ರೆಯ ಕೆಲಸ ಹಿಡಿದೆ. ಉಗ್ರಾಣದ ಬೀರುಗಳ ಕೀಲಿ ನನ್ನ ಕೈಗೆ ಬಂತು.

ವಕೀಲೆ ಬರೆದುಕೊಳ್ಳಲಿಲ್ಲ. ಕೊನೆಗೆ, "ಇದನ್ನ ಪ್ರಮಾಣಪತ್ರ ಮಾಡಿ ಕೊಡ್ತೀರಾ? ಕೊಟ್ಟರೆ ಅವರ ಕಾರಣ ಬುಡಸಮೇತ ಕಿತ್ತು ಬರುತ್ತೆ. ಆದ್ರೆ ನಿಮ್ಮ ಕೆಲಸಕ್ಕೆ ಅಪಾಯ. ತೆರೆದ ಕೋರ್ಟಲ್ಲಿ ಓದ್ತಾರೆ," ಎಂದರು. ಮತ್ತೊಂದು ಕೇಳಿದರು: "ಹಳೇ ವಕೀಲರಿಗೆ ಇದನ್ನ ಹೇಳಿದ್ದು ಯಾರು?"

ಗೊತ್ತಿಲ್ಲ ಎಂದೆ.

ಭಾವನಿಗೆ ಹೇಳಿದೆ. ಎರಡು ದಿನ ಸಾಮಾನು ಎತ್ತಿಡುವಾಗ ಸದ್ದು ಜಾಸ್ತಿ ಮಾಡಿದರು. ಮೂರನೇ ದಿನ ಬೂಟಿಗೆ ಪಾಲಿಶ್ ಹಾಕುತ್ತಾ ತಲೆ ಎತ್ತದೆ, "ಸರ ತೆಗೆದಿದ್ದಕ್ಕಲ್ಲ ನನಗೆ ಬೇಜಾರು. ಅವನು ನಮ್ಮನೇಗೆ ಬಂದಾಗೆಲ್ಲ ನಾನು ಬೀರು ಬಾಗಿಲು ಹಾಕಿದೆಯಾ ಅಂತ ನಿನ್ನನ್ನ ತಮಾಷೆಗೆ ಕೇಳ್ತಿದ್ದೆ. ಬೀಗದವನು ಬಂದ ಅಂತ. ನೀನೂ ನಗ್ತಿದ್ದೆ," ಎಂದರು.

ನಾನು ಸಹಿ ಹಾಕಬೇಕು ಎಂದುಕೊಂಡಿದ್ದೇನೆ. ನಿನ್ನ ಒಪ್ಪಿಗೆ ಕೇಳಿ ಎಂದು ವಕೀಲೆ ಹೇಳಿದ್ದರಿಂದ ಬರೆದಿದ್ದೇನೆ. ಬೇಗ ಉತ್ತರ ಕೊಡು.

ಅಕ್ಕ


ಮನೆಯಿಂದ,
ಫೆಬ್ರವರಿ ೧೧

ನನ್ನ ಮುದ್ದು ತಮ್ಮಾ,

ಮೊದಲು ಸುದ್ದಿ. ನಿನ್ನ ಶಿಕ್ಷೆ ರದ್ದಾಯಿತು. ಗುರುವಾರ ಬೆಳಿಗ್ಗೆ ನೀನು ಹೊರಗೆ ಬರುತ್ತೀಯ. ಬೇಕಾದರೆ ಈ ಸಾಲನ್ನು ಮತ್ತೊಮ್ಮೆ ಓದು. ನಾನು ಬರೆದು ನಾನೇ ನಾಲ್ಕು ಸಲ ಓದಿದೆ.

ಈಗ ನಿನ್ನ ಬೈಗುಳಕ್ಕೆ ಉತ್ತರ. ನೀನು ವಕೀಲೆಯ ಕೈಯಲ್ಲಿ ಕೊಟ್ಟು ಕಳಿಸಿದ ಚೀಟಿ ತಲುಪಿತ್ತು. "ನೀನು ಬಾಯಿ ಬಿಟ್ಟರೆ ಮೇಲ್ಮನವಿ ವಾಪಸ್ ತಗೊಳ್ತೀನಿ. ನನ್ನ ಉಳಿದ ನಾಲ್ಕು ವರ್ಷಕ್ಕೆ ನಿನ್ನ ಮರ್ಯಾದೆ ಕೊಡೋಕೆ ನಾನು ತಯಾರಿಲ್ಲ. ಆ ಕನ್ನಡಕದ ಅಂಗಡಿ ಮುದುಕನೇ ವಕೀಲರ ಕಿವಿ ಊದಿರೋದು. ಅವನನ್ನ ನಾನು ಯಾವತ್ತೂ ಕ್ಷಮಿಸಲ್ಲ," ಎಂದು ಬರೆದಿದ್ದೆ. ಅದನ್ನು ಓದಿ, ಮಡಚಿ, ನೇರ ವಕೀಲೆಯ ಆಫೀಸಿಗೆ ಹೋಗಿ ಸಹಿ ಹಾಕಿದೆ. ಹುಟ್ಟಿದಾಗಿನಿಂದ ಒಂದು ಸಲವಾದರೂ ನಿನ್ನ ಮಾತು ಮೀರಬೇಕಿತ್ತು.

ವಿಚಾರಣೆ ಮೂರು ಸಲ ಮುಂದಕ್ಕೆ ಹೋಗಿ ಕೊನೆಗೆ ನಿನ್ನೆ ನಡೆಯಿತು. ಮೇಲಿನ ಕೋರ್ಟಿನ ಆ ಕೋಣೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಇಬ್ಬರು ನ್ಯಾಯಾಧೀಶರು. ಹಿರಿಯರು ಒಬ್ಬರು, ಅವರ ಪಕ್ಕದಲ್ಲಿ ಸದಾ ಏನೋ ಬರೆದುಕೊಳ್ಳುವವರು ಇನ್ನೊಬ್ಬರು. ಏಳೂ ಜನ ಬಂದಿದ್ದರು. ಈ ಸಲ ಒಳಗೇ ಕೂತರು. ಹೆಡ್ ಕಾನ್ಸ್‌ಟೇಬಲ್ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ.

ನಮ್ಮ ವಕೀಲೆ ಏರುದನಿಯಲ್ಲಿ ಒಂದು ಮಾತೂ ಆಡಲಿಲ್ಲ. ಒಂದೊಂದೇ ಪ್ರಮಾಣಪತ್ರ ಓದಿದರು. ಕೀಲಿಯ ಮೇಲೆ ನಂಬರ್ ಮಾತ್ರ ಬರೆಯುವ ವಿಷಯ ಬಂದಾಗ ಹಿರಿಯರು ಓದುವುದನ್ನು ನಿಲ್ಲಿಸಿ, "ಇದನ್ನ ಇನ್ನೊಂದು ಸಲ ಓದಿ," ಎಂದರು. ಬೆಕ್ಕಿನ ಮಾತು ಬಂದಾಗ ಬರೆದುಕೊಳ್ಳುತ್ತಿದ್ದವರು ನಕ್ಕರು. ಸರ್ಕಾರಿ ವಕೀಲರು ಎದ್ದು, "ಇದೆಲ್ಲ ಚೆನ್ನಾಗಿದೆ ಸ್ವಾಮಿ, ಆದ್ರೆ ಕರೆಸದೇ ಇದ್ದದ್ದು ಬೇಕಂತ ತಗೊಂಡ ತೀರ್ಮಾನ. ಕಳ್ಳತನದ ಹಳೇ ಕಲೆ ಇತ್ತು," ಎಂದರು.

ಆಗ ನಮ್ಮ ವಕೀಲೆ ನನ್ನ ಪ್ರಮಾಣಪತ್ರ ಓದಿದರು. ನನ್ನ ವಯಸ್ಸು, ಕೆಲಸ, ವಿಳಾಸ, ಆಮೇಲೆ "ಆ ಸರವನ್ನು ಕದ್ದವಳು ನಾನೇ" ಎಂಬ ಸಾಲು. ಹಿಂದೆ ಯಾರೋ ಕುರ್ಚಿ ಎಳೆದ ಸದ್ದು. ನನ್ನ ಕಿವಿ ಕಾದ ಹೆಂಚಿನ ಹಾಗೆ ಬಿಸಿಯಾಯಿತು. ಟೀಚರಮ್ಮ ನನ್ನ ಕೈ ಹಿಡಿದುಕೊಂಡರು, ಬಿಡಲಿಲ್ಲ. ಕನ್ನಡಕದ ಅಂಗಡಿಯ ಯಜಮಾನರ ಹೇಳಿಕೆಯೂ ಇತ್ತು. ವಕೀಲೆ ಹುಡುಕಿಕೊಂಡು ಹೋಗಿ ತಂದಿದ್ದರು. ಈಗ ಎಂಬತ್ತು ದಾಟಿದ್ದಾರಂತೆ. "ಸರ ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಕೀಲಿ ಹುಡುಗಿಯ ಹತ್ತಿರ ಮಾತ್ರ ಇತ್ತು. ಹುಡುಗ ಹೇಳಿದ್ದು ಸುಳ್ಳೆಂದು ನನಗೆ ಅವತ್ತೇ ಗೊತ್ತು. ತಮ್ಮನ ಮುಖ ನೋಡಿ ಸುಮ್ಮನಾದೆ," ಎಂದು ಹೇಳಿದ್ದಾರೆ. ಇಷ್ಟು ವರ್ಷ ಅವರಿಗೆ ಗೊತ್ತಿತ್ತು ಕಣೋ.

ಆಮೇಲೆ ನಿನ್ನ ಹಳೆಯ ವಕೀಲರನ್ನು ಕರೆದರು. ಅದೇ ಬಟ್ಟೆಯ ಚೀಲ. ತುಂಬ ಇಳಿದುಹೋಗಿದ್ದಾರೆ. ಹಿರಿಯ ನ್ಯಾಯಾಧೀಶರು ಕೇಳಿದರು: "ಈ ಹಳೇ ವಿಷಯವನ್ನ ನಿಮ್ಮ ಕಕ್ಷಿಗಾರನ ಹತ್ತಿರ ಕೇಳಿದ್ರಾ?"

"ಇಲ್ಲ ಸ್ವಾಮಿ."

"ಪೊಲೀಸ್ ಠಾಣೆಯಲ್ಲಿ ವಿಚಾರಿಸಿದ್ರಾ?"

"ಇಲ್ಲ."

"ಮತ್ತೆ ನಿಮಗೆ ಹೇಳಿದ್ದು ಯಾರು?"

ಅವರು ಚೀಲವನ್ನು ಕೆಳಗಿಟ್ಟರು. "ಯಾರು ಹೇಳಿದ್ರೂ ಒಂದೇ ಸ್ವಾಮಿ. ನಾನು ಅವನನ್ನೇ ಕೇಳಬೇಕಿತ್ತು. ಅವತ್ತು ನನಗೆ ಬೇರೆ ಎರಡು ಕೋರ್ಟಲ್ಲಿ ಕೇಸಿತ್ತು. ಐದು ನಿಮಿಷದ ಕೆಲಸ, ಮಾಡಲಿಲ್ಲ. ತಪ್ಪು ನನ್ನದು," ಎಂದರು. ನಲವತ್ತು ವರ್ಷ ವಕೀಲಿ ಮಾಡಿದವರು ತುಂಬಿದ ಕೋರ್ಟಿನಲ್ಲಿ ಹಾಗೆ ಹೇಳುವುದನ್ನು ಕೇಳಲಾಗಲಿಲ್ಲ.

ಮಧ್ಯಾಹ್ನ ಬಿಟ್ಟು ಮೂರು ಗಂಟೆಗೆ ಮತ್ತೆ ಕೂತರು. ಹಿರಿಯರು ಓದಿದ್ದರಲ್ಲಿ ನನಗೆ ನೆನಪಿರುವುದು ಇಷ್ಟು. ವಿಚಾರಿಸದೆ ನಂಬಿದ ಮಾತಿನ ಮೇಲೆ ನಿಂತದ್ದು ತೀರ್ಮಾನವಲ್ಲ, ಅದು ತೀರ್ಮಾನ ಮಾಡದೆ ಬಿಟ್ಟಂತೆ. ಬಾಲ್ಕನಿಯಿಂದ ಸಂಜೆಗತ್ತಲಲ್ಲಿ ಕಂಡ ಒಂದು ಮುಖದ ಎದುರು ಈ ಏಳು ಜನರ ಮಾತು ಕೆಳಗಿನ ಕೋರ್ಟಿನ ಮುಂದೆ ಇದ್ದಿದ್ದರೆ ತೀರ್ಪು ಬೇರೆಯಾಗುವ ಸಾಧ್ಯತೆ ಬಹಳವಿತ್ತು. ಆದ್ದರಿಂದ ರದ್ದು. ಮರುವಿಚಾರಣೆ ಬೇಕೇ ಎಂದು ಸರ್ಕಾರಿ ವಕೀಲರನ್ನು ಕೇಳಿದರು. ಅವರು ಕಡತ ಮುಚ್ಚಿ, "ಒತ್ತಾಯ ಇಲ್ಲ," ಎಂದರು. ಬೇಕರಿಯವರು ಎದ್ದು ನಿಂತು ಏನೋ ಕೂಗಲು ಹೋದರು, ಹೆಡ್ ಕಾನ್ಸ್‌ಟೇಬಲ್ ಅಂಗಿ ಹಿಡಿದು ಕೂರಿಸಿದರು. ನಮ್ಮ ವಕೀಲೆ ಹೊರಗೆ ಬಂದ ಮೇಲೆ ಕೊಳಾಯಿಯ ಹತ್ತಿರ ಮುಖ ತೊಳೆದುಕೊಂಡರು, ಬಹಳ ಹೊತ್ತು ತೊಳೆದುಕೊಂಡರು.

ನನ್ನ ಕೆಲಸದ ಬಗ್ಗೆ ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಇವತ್ತು ಬೆಳಿಗ್ಗೆ ಸೂಪರಿಂಟೆಂಡೆಂಟರು ಕರೆಸಿ ಉಗ್ರಾಣದ ಕೀಲಿಗಳನ್ನು ತೆಗೆದುಕೊಂಡರು. ಹಳೆಯ ದಾಖಲೆಗಳ ಕೋಣೆಗೆ ಹಾಕಿದ್ದಾರೆ. ಧೂಳು ಜಾಸ್ತಿ, ಜನ ಕಡಿಮೆ. ಒಗ್ಗಿಕೊಳ್ಳುತ್ತೇನೆ.

ನಿನ್ನ ಅಂಗಡಿಯ ಶಟರಿಗೆ ಭಾವ ನಿನ್ನೆಯೇ ಎಣ್ಣೆ ಹಾಕಿ ಬಂದರು. ಇನ್ನು ನಿನ್ನ ಬದುಕಿನ ಯಾವ ಬಾಗಿಲೂ ನಿನ್ನ ಮುಖದ ಮೇಲೆ ಮುಚ್ಚದಿರಲಿ. ನೂರು ವರ್ಷ ಬಾಳು.

ನಿನ್ನ ಅಕ್ಕ

ತಾ.ಕ.: ಸಹಿ ಹಾಕಿ, ಮಡಚಿ, ವಕೀಲೆಗೆ ಕೊಡಲು ಚೀಲದಲ್ಲಿ ಇಟ್ಟಿದ್ದೆ. ಮತ್ತೆ ತೆಗೆದಿದ್ದೇನೆ. ಬೇರೆ ಯಾರ ಬಾಯಿಂದಲೋ ನಿನಗೆ ತಿಳಿಯಬಾರದು.

ಕನ್ನಡಕದ ಅಂಗಡಿಯವರ ಮೇಲೆ ಸಿಟ್ಟು ಬಿಡು. ಅವರು ಯಾರ ಕಿವಿಯನ್ನೂ ಊದಿಲ್ಲ. ವಕೀಲರಿಗೆ ಹೇಳಿದವಳು ನಾನು. ಕೆಳಗಿನ ಕೋರ್ಟಿನ ವಿಚಾರಣೆಗೆ ಐದು ದಿನವಿತ್ತು. ಅವರು ಉಗ್ರಾಣದ ಕಿಟಕಿಯ ಹತ್ತಿರ ಬಂದು, "ನಿಮ್ಮ ತಮ್ಮ ಒಳ್ಳೆಯವನು ಅಂತ ಹೇಳೋಕೆ ಏಳು ಜನ ಇದ್ದಾರಂತೆ, ಟೀಚರಮ್ಮ ಹೇಳಿದ್ರು. ಕರೆಸಿದ್ರೆ ಎದುರಿನವರು ಹಳೇದೆಲ್ಲ ಕೆದಕ್ತಾರೆ. ಏನಾದ್ರೂ ಇದೆಯಾ?" ಎಂದು ಕೇಳಿದರು. ಕೆದಕಿದರೆ ನಿನ್ನನ್ನು ಪ್ರಮಾಣ ಮಾಡಿಸಿ ಕೇಳುತ್ತಾರೆ, ನೀನು ಪ್ರಮಾಣ ಮಾಡಿ ಸುಳ್ಳು ಹೇಳುವವನಲ್ಲ, ನನ್ನ ಹೆಸರು ಬರುತ್ತದೆ, ಕೀಲಿ ಹೋಗುತ್ತದೆ. ಇಷ್ಟೂ ಒಂದೇ ಉಸಿರಿನಲ್ಲಿ ತಲೆಗೆ ಬಂತು. "ಚಿಕ್ಕವನಿದ್ದಾಗ ಒಂದು ಚಿನ್ನದ ಸರ ಕದ್ದಿದ್ದ. ಅವರನ್ನೆಲ್ಲ ಕರೆಸಬೇಡಿ," ಎಂದೆ. ಸುಮ್ಮನಿರಬಹುದಿತ್ತು. ಏನೂ ಇಲ್ಲ ಎನ್ನಬಹುದಿತ್ತು. ನೀನು ಕದ್ದೆ ಎಂದು ನಾನಾಗಿಯೇ ಹೇಳಿದೆ, ತಮ್ಮಾ. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ.

ನಿನ್ನೆ ನ್ಯಾಯಾಧೀಶರು ಯಾರು ಹೇಳಿದ್ದು ಎಂದು ಕೇಳಿದಾಗ ನಿನ್ನ ಹಳೆಯ ವಕೀಲರು ನನ್ನತ್ತ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ತಪ್ಪೆಲ್ಲ ತಮ್ಮ ಮೇಲೆ ಹಾಕಿಕೊಂಡರು. ಹದಿನೇಳನೇ ವಯಸ್ಸಿನಲ್ಲಿ ನೀನು ಮಾಡಿದ್ದನ್ನೇ ಅವರೂ ಮಾಡಿದರು, ನಾನು ಅವತ್ತಿನ ಹಾಗೇ ಸುಮ್ಮನೆ ನಿಂತಿದ್ದೆ.

ನಿನ್ನ ಹದಿನೈದು ತಿಂಗಳನ್ನು ವಾಪಸ್ ತಂದುಕೊಡಲು ನನಗೆ ಬರುವುದಿಲ್ಲ. ಗುರುವಾರ ಗೇಟಿನ ಹತ್ತಿರ ಭಾವ ಇರುತ್ತಾರೆ, ಟೀಚರಮ್ಮನೂ ಇರುತ್ತಾರೆ. ಅವರು ತಮ್ಮ ಮನೆಯ ಮುಂದಿನ ಕೋಣೆ ನಿನಗೆಂದು ಖಾಲಿ ಮಾಡಿದ್ದಾರೆ. ನಮ್ಮ ಮನೆಗೆ ಬರಬೇಕು ಅನ್ನಿಸದಿದ್ದರೆ ಅಲ್ಲಿಗೆ ಹೋಗು, ನಾನು ಕಾರಣ ಕೇಳುವುದಿಲ್ಲ. ನಾನು ರಸ್ತೆಯ ಆಚೆ ಬದಿಯಲ್ಲಿ ನಿಂತಿರುತ್ತೇನೆ. ಕರೆದರೆ ದಾಟಿ ಬರುತ್ತೇನೆ.